ಮುದಿ ಟ್ಯಾಂಕಿಗೆ ಹೊಸ ಎದೆ, ಹೊಸ ಕಣ್ಣು

ಮುಂಗಾರಿಗೆ ಮುಂಚೆ ರಾಮನಗರದ ನಮ್ಮ ಕೈಲಾಂಚ ಹೋಬಳಿಯ ಯಾವ ಊರಿಗೆ ಹೋದರೂ ಒಂದಲ್ಲ ಒಂದು ಮನೆಯ ಮುಂದೆ ಟ್ರ್ಯಾಕ್ಟರಿನ ಇಂಜಿನ್ ಕೆಳಗಿಳಿದಿರುತ್ತದೆ. ಗೋಣಿತಾಟಿನ ಮೇಲೆ ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಡೀಸೆಲಿನಲ್ಲಿ ತೊಳೆದು ಸಾಲಾಗಿ ಜೋಡಿಸಿರುತ್ತಾರೆ. ಮೆಕ್ಯಾನಿಕ್ ಸಿಲಿಂಡರಿನ ಒಳಗೋಡೆಗೆ ಬೆರಳಾಡಿಸಿ ಸವೆತ ನೋಡುತ್ತಾನೆ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಯಜಮಾನ ಕೇಳುವುದು ಎರಡೇ ಪ್ರಶ್ನೆ. ಎಷ್ಟಾಗುತ್ತೆ? ಬೋರಿಂಗ್ ಮಾಡಿಸಿದರೆ ಇನ್ನೆಷ್ಟು ವರ್ಷ ಓಡುತ್ತೆ?

ಹೊಸ ಟ್ರ್ಯಾಕ್ಟರಿಗೆ ದುಡ್ಡಿಲ್ಲ ಎಂಬುದು ಅರ್ಧ ಕಾರಣ ಮಾತ್ರ. ಹಳೆಯದರ ಗುಣ, ಕೊಂಕು ಎರಡೂ ಗೊತ್ತು. ಬಿಡಿಭಾಗ ರಾಮನಗರದಲ್ಲಿ ಸಿಗುತ್ತದೆ. ಕೈ ಕಪ್ಪು ಮಾಡಿಕೊಂಡು ದುರಸ್ತಿ ಮಾಡುವವನು ಕೂಗಳತೆಯಲ್ಲಿದ್ದಾನೆ. ಇಷ್ಟೆಲ್ಲ ಇರುವಾಗ ಗಾಡಿಯನ್ನು ಗುಜರಿಗೆ ಹಾಕಲು ರೈತನ ಮನಸ್ಸು ಒಪ್ಪುವುದಿಲ್ಲ.

ಇವೇ ಎರಡು ಪ್ರಶ್ನೆಗಳನ್ನು ಭಾರತೀಯ ಸೇನೆ ತನ್ನ ಸುಮಾರು 2,400 ಟಿ-72 ಟ್ಯಾಂಕುಗಳ ಮುಂದೆ ನಿಂತು ಕೇಳುತ್ತಿದೆ. ಮೊದಲನೆಯದಕ್ಕೆ ಒಂದು ಉತ್ತರ 2025ರ ಮಾರ್ಚ್ 7ರಂದು ಸಿಕ್ಕಿತು. ಆ ದಿನ ರಕ್ಷಣಾ ಸಚಿವಾಲಯ ರಷ್ಯಾದ ರೋಸೊಬೊರೊನ್‌ಎಕ್ಸ್‌ಪೋರ್ಟ್ ಸಂಸ್ಥೆಯೊಂದಿಗೆ 24.8 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿತು. ಆಗಿನ ದರದಲ್ಲಿ ಅದು ಎರಡು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಟಿ-72ರೊಳಗಿನ 780 ಅಶ್ವಶಕ್ತಿಯ ಇಂಜಿನ್ ತೆಗೆದು 1,000 ಅಶ್ವಶಕ್ತಿಯದನ್ನು ಕೂರಿಸುವುದು ಕೆಲಸ. ಒಂದಷ್ಟು ಇಂಜಿನ್‌ಗಳು ಸಿದ್ಧವಾಗಿಯೇ ಬರುತ್ತವೆ, ಉಳಿದವು ಬಿಡಿಬಿಡಿಯಾಗಿ ಬರುತ್ತವೆ. ತಯಾರಿಕೆಯ ತಂತ್ರಜ್ಞಾನ ಚೆನ್ನೈ ಬಳಿಯ ಆವಡಿಯ ಕಾರ್ಖಾನೆಗೆ ಹಸ್ತಾಂತರವಾಗುತ್ತದೆ. ಎರಡನೆಯ ಪ್ರಶ್ನೆಗೆ, ಅಂದರೆ ಇನ್ನೆಷ್ಟು ವರ್ಷ ಎಂಬುದಕ್ಕೆ, ಸಚಿವಾಲಯದ ಪ್ರಕಟಣೆಯಲ್ಲಿ ಉತ್ತರವಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಅದಕ್ಕೆ ಮೊದಲು ಈ ಯಂತ್ರದ ಪರಿಚಯವಾಗಬೇಕು.

ಟಿ-72 ಹುಟ್ಟಿದ್ದು ಉರಲ್ ಪರ್ವತಗಳ ಮಗ್ಗುಲಿನ ನಿಜ್ನಿ ತಾಗಿಲ್ ಕಾರ್ಖಾನೆಯಲ್ಲಿ. ಸೋವಿಯತ್ ಸೇನೆ ಅದನ್ನು ಸೇವೆಗೆ ತೆಗೆದುಕೊಂಡಿದ್ದು 1973ರಲ್ಲಿ. ಎಪ್ಪತ್ತರ ದಶಕದ ಕೊನೆಗೆ ಅದು ಭಾರತಕ್ಕೆ ಬಂತು, ಎಂಬತ್ತರ ದಶಕದಲ್ಲಿ ಆವಡಿಯಲ್ಲೇ ತಯಾರಾಗತೊಡಗಿತು. ನಮ್ಮವರು ಇಟ್ಟ ಹೆಸರು ‘ಅಜೇಯ’. ತೂಕ 41 ಟನ್, 125 ಮಿ.ಮೀ. ತೋಪು, ಒಳಗೆ ಮೂವರೇ ಮೂವರು: ಕಮಾಂಡರ್, ಗನ್ನರ್, ಡ್ರೈವರ್. ಪಾಶ್ಚಾತ್ಯ ಟ್ಯಾಂಕುಗಳಲ್ಲಿ ಗುಂಡು ತುಂಬಲೆಂದೇ ನಾಲ್ಕನೆಯವನೊಬ್ಬ ಇರುತ್ತಾನೆ. ಸೋವಿಯತ್ ವಿನ್ಯಾಸಕರು ಅವನ ಜಾಗಕ್ಕೆ ಯಂತ್ರವನ್ನು ತಂದರು. ಮನುಷ್ಯನೊಬ್ಬ ಕಮ್ಮಿಯಾದರೆ ಟ್ಯಾಂಕು ಗಿಡ್ಡವಾಗುತ್ತದೆ. ಗಿಡ್ಡವಾದರೆ ಶತ್ರುವಿನ ಗುರಿಗೆ ಸುಲಭವಾಗಿ ಸಿಗದು. ತೂಕ ಇಳಿದು, ಸಣ್ಣ ಸೇತುವೆಯನ್ನೂ ದಾಟುತ್ತದೆ. ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬೇಗಬೇಗ ತಯಾರಿಸಿ, ಯುರೋಪಿನ ಬಯಲಿನಲ್ಲಿ ಅಲೆಯಲೆಯಾಗಿ ನುಗ್ಗಿಸಲೆಂದು ಮಾಡಿದ ಗಾಡಿ ಅದು. ಐವತ್ತು ವರ್ಷ ಬಾಳಬೇಕು, ಹಿಮಾಲಯ ಹತ್ತಬೇಕು ಎಂದು ಯಾರೂ ಅಂದುಕೊಂಡಿರಲಿಲ್ಲ.

ಹತ್ತಬೇಕಾಗಿ ಬಂತು. 2020ರ ಬೇಸಿಗೆಯಲ್ಲಿ ಪೂರ್ವ ಲಡಾಖಿನಲ್ಲಿ ಚೀನಾ ಸೇನೆ ಎದುರಾದಾಗ ಟಿ-72 ಮತ್ತು ಅದರ ಮುಂದಿನ ಪೀಳಿಗೆಯ ಟಿ-90 ಟ್ಯಾಂಕುಗಳು ಅಲ್ಲಿ ನಿಂತವು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಪಾಂಗಾಂಗ್ ಸರೋವರದ ದಕ್ಷಿಣದ ರೆಚಿನ್ ಲಾ ಕಣಿವೆದಾರಿಯವರೆಗೂ ನಮ್ಮ ಟ್ಯಾಂಕುಗಳು ಏರಿದವು. ಅದೇ ಸೀಮೆಯ ಚುಶೂಲ್ ಇರುವುದು 4,300 ಮೀಟರಿಗೂ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು. ಡೀಸೆಲ್ ಇಂಜಿನ್‌ಗೆ ಗಾಳಿಯೇ ಉಸಿರು. ಇಂಧನ ಎಷ್ಟೇ ಸುರಿದರೂ ಅದನ್ನು ಸುಡುವಷ್ಟು ಗಾಳಿ ಸಿಗದಿದ್ದರೆ ಬಲವಿಲ್ಲ, ಬರೀ ಕಪ್ಪು ಹೊಗೆ. ಭಾರ ಹೇರಿದ ಟ್ರ್ಯಾಕ್ಟರು ರೇವಣಸಿದ್ದೇಶ್ವರ ಬೆಟ್ಟದ ಕಡೆಯ ಏರಿನಲ್ಲಿ ಏದುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಅದರ ಉಸಿರಿನಲ್ಲಿ ಅರ್ಧಕ್ಕೆ ಹತ್ತಿರ ಕಸಿದುಕೊಂಡು, ಮೈಮೇಲೆ ನಲವತ್ತು ಟನ್ ಹೇರಿ, ಮೈಕೊರೆಯುವ ಚಳಿಯಲ್ಲಿ ನಿಲ್ಲಿಸಿದರೆ ಹೇಗಿರುತ್ತದೋ ಅದು ಲಡಾಖಿನ ಟಿ-72ರ ಸ್ಥಿತಿ. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗದಿರಲೆಂದು ಸೈನಿಕರು ರಾತ್ರಿ ಎದ್ದೆದ್ದು ಇಂಜಿನ್ ಚಾಲೂ ಮಾಡಬೇಕು.

ಎತ್ತರಕ್ಕೆ ಟ್ಯಾಂಕು ಹತ್ತಿಸುವ ಸಾಹಸಕ್ಕೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಪಾಕಿಸ್ತಾನದೊಂದಿಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆದಾರಿಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿ ದಾರಿ ಬಿಡಿಸಿದವು. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಆ ಕಾರ್ಯಾಚರಣೆಯ ಹಿಂದಿದ್ದ ದಂಡನಾಯಕ ಕೊಡಗಿನ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲಿ ನಿಂತಿರುವುದು ಟಿ-55; ಅದು ಟಿ-72ಕ್ಕಿಂತ ಹಿಂದಿನ ಪೀಳಿಗೆಯ ಸೋವಿಯತ್ ಟ್ಯಾಂಕು. ಟಿ-55ಗಳು 1971ರ ಯುದ್ಧ ಕಂಡವು. ಆಮೇಲೆ ಅವುಗಳಲ್ಲಿ ಹಲವಕ್ಕೆ ಮೂಲದ 100 ಮಿ.ಮೀ. ತೋಪು ಕಿತ್ತು 105 ಮಿ.ಮೀ. ತೋಪು ಕೂರಿಸಿ, ದಶಕಗಳ ಕಾಲ ದುಡಿಸಿಕೊಂಡೆವು. ಮಡಿಕೇರಿಗೆ ಹೋದವರು ರಾಜಾಸೀಟು ನೋಡಿ ಬಂದುಬಿಡುತ್ತಾರೆ; ಮಕ್ಕಳನ್ನು ಈ ಅಂಗಳಕ್ಕೂ ಕರೆದೊಯ್ಯಿರಿ. ಮುದಿ ಟ್ಯಾಂಕು ಎಂದರೆ ಎಷ್ಟು ದಪ್ಪ ಉಕ್ಕು, ಎಷ್ಟು ಇಕ್ಕಟ್ಟಾದ ಬಾಗಿಲು ಎಂಬುದನ್ನು ಮುಟ್ಟಿ ನೋಡಬಹುದು.

ಮತ್ತೆ ಇಂಜಿನ್ನಿನ ಮಾತು. ಇಡೀ ಸಂಗತಿಯಲ್ಲಿ ನನಗೆ ಬಹಳ ಸೋಜಿಗವೆನಿಸುವುದು ಇದೇ. ಎರಡನೇ ಮಹಾಯುದ್ಧದ ಟಿ-34 ಟ್ಯಾಂಕಿನಲ್ಲಿ ವಿ-2 ಎಂಬ ಡೀಸೆಲ್ ಇಂಜಿನ್ ಇತ್ತು. ಹನ್ನೆರಡು ಸಿಲಿಂಡರು, ಒಟ್ಟು ಗಾತ್ರ 38.8 ಲೀಟರು, ಬಲ 500 ಅಶ್ವಶಕ್ತಿ. ಟಿ-72ರ ವಿ-46 ಅದೇ ವಂಶದ ಕುಡಿ. ಸಿಲಿಂಡರುಗಳ ಗಾತ್ರವೂ ಅದೇ. ಆದರೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಸೇರಿಸಿ 780ಕ್ಕೆ ಏರಿಸಿದರು. ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ ಗಾಳಿ ತುಂಬುವ ಟರ್ಬೋಚಾರ್ಜರ್ ಬಂದ ಮೇಲೆ ಅದೇ ಗಾತ್ರದ ಇಂಜಿನ್ 1,000 ಮುಟ್ಟಿತು. ಎಂಬತ್ತು ವರ್ಷಕ್ಕೂ ಮಿಕ್ಕಿದ ಒಂದೇ ಎದೆಗೂಡು, ಉಸಿರಾಟ ಮಾತ್ರ ದುಪ್ಪಟ್ಟು. ಹಳೆಯದನ್ನು ಹೊಸದು ಮಾಡುವ ಕಲೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಲೆಕ್ಕ ಸುಲಭ. 41 ಟನ್ನಿಗೆ 780 ಎಂದರೆ ಟನ್ನಿಗೆ 19 ಅಶ್ವಶಕ್ತಿ. ಮೇಲುಗವಚದ ಇಟ್ಟಿಗೆಗಳನ್ನು ಜೋಡಿಸಿದ ಮೇಲೆ ತೂಕ ಇನ್ನೂ ಏರುತ್ತದೆ, ಪಾಲು ಇಳಿಯುತ್ತದೆ. ಹೊಸ ಇಂಜಿನ್ ಬಂದರೆ ಟ್ಯಾಂಕು 44 ಟನ್ ಆದರೂ ಟನ್ನಿಗೆ 22ಕ್ಕೂ ಹೆಚ್ಚು. ಮರಳಿನಲ್ಲಿ ಹೂತ ಟ್ಯಾಂಕು ಎದ್ದು ಬರುವುದಕ್ಕೂ, ಗುಂಡು ಹಾರಿಸಿದ ಕೂಡಲೇ ಜಾಗ ಬದಲಿಸುವುದಕ್ಕೂ ಈ ಮೂರು ಅಶ್ವಶಕ್ತಿಯ ವ್ಯತ್ಯಾಸ ಸಾಕು. ಹೀಗಾಗಿ 2025ರ ಒಪ್ಪಂದವನ್ನು ನಾನು ದುಂದು ಎನ್ನಲಾರೆ.

ಆದರೆ ಒಂದು ವಿಷಯ ಜನಕ್ಕೆ ಹೇಳಲೇಬೇಕು. ಟಿ-72 ಮುಂದಕ್ಕೆ ಗಂಟೆಗೆ 60 ಕಿಲೋಮೀಟರು ಓಡುತ್ತದೆ. ಹಿಂದಕ್ಕೆ ಬರುವುದು ಗಂಟೆಗೆ 4 ಕಿಲೋಮೀಟರು ಮಾತ್ರ, ಅಂದರೆ ಸಂತೆಯಿಂದ ಮನೆಗೆ ಹೊರಟವರ ನಡಿಗೆ. ಎದುರಿಂದ ಪೆಟ್ಟು ಬಿದ್ದಾಗ ಮುಖದ ದಪ್ಪ ಕವಚವನ್ನು ಶತ್ರುವಿನ ಕಡೆಗೇ ಇಟ್ಟುಕೊಂಡು ಹಿಂದೆ ಸರಿಯಬೇಕು. ಅಷ್ಟು ನಿಧಾನವಾದರೆ ಸೈನಿಕ ಬೇರೆ ದಾರಿಯಿಲ್ಲದೆ ಟ್ಯಾಂಕು ತಿರುಗಿಸುತ್ತಾನೆ, ತೆಳು ಬೆನ್ನು ಶತ್ರುವಿಗೆ ಸಿಗುತ್ತದೆ. ಇದು ಗೇರುಪೆಟ್ಟಿಗೆಯ ದೋಷ. ಇಂಜಿನ್ ಬಲ ಎಷ್ಟೇ ಏರಲಿ, ಗೇರುಪೆಟ್ಟಿಗೆ ಹಳೆಯದೇ ಉಳಿದರೆ ಆ ದೋಷವೂ ಉಳಿಯುತ್ತದೆ. ಚೆಕ್ ಗಣರಾಜ್ಯ ಇದನ್ನು ಮನಗಂಡು ಬ್ರಿಟಿಷ್ ಇಂಜಿನ್, ಆಟೊಮ್ಯಾಟಿಕ್ ಗೇರು, ಹೊಸ ಗುರಿಯಂತ್ರ ಎಲ್ಲವನ್ನೂ ಕೂರಿಸಿ ಟಿ-72ರ ಒಂದು ಸೊಗಸಾದ ರೂಪ ಮಾಡಿತು. ಖರ್ಚು ಏರಿ, ಮೂವತ್ತರಷ್ಟಕ್ಕೇ ಆ ಕೆಲಸ ನಿಂತುಹೋಯಿತು. ಎಲ್ಲವನ್ನೂ ಬದಲಿಸಹೊರಟರೆ ಹೊಸದೇ ಅಗ್ಗವೆನಿಸುವ ಹಂತವೊಂದು ಬಂದೇ ಬರುತ್ತದೆ.

ನಮ್ಮ ಊರಿನ ಬದಿಯ ಹೆದ್ದಾರಿ ಹಿಡಿದು ಮೈಸೂರಿನ ಕಡೆಗೆ ಹೊರಟರೆ, ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸಾರ್ವಜನಿಕ ವಲಯದ ಬಿಇಎಂಎಲ್‌ನ ಇಂಜಿನ್ ವಿಭಾಗವಿದೆ. 2024ರ ಮಾರ್ಚ್ 20ರಂದು ಅಲ್ಲಿ ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ 1,500 ಅಶ್ವಶಕ್ತಿಯ ಟ್ಯಾಂಕ್ ಇಂಜಿನ್ ಮೊದಲ ಬಾರಿಗೆ ಚಾಲೂ ಆಯಿತು. ಆಗಿನ ರಕ್ಷಣಾ ಕಾರ್ಯದರ್ಶಿ ಗಿರಿಧರ ಅರಮನೆ ಎದುರಿಗಿದ್ದರು. 2020ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ ಅದು. 5,000 ಮೀಟರು ಎತ್ತರದಲ್ಲಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 55 ಡಿಗ್ರಿ ಸೆಕೆಯವರೆಗೆ ದುಡಿಯಬೇಕು ಎಂಬುದೇ ಅದಕ್ಕಿಟ್ಟ ಗುರಿ. ಲಡಾಖನ್ನೂ ಥಾರನ್ನೂ ಒಟ್ಟಿಗೆ ಕಣ್ಣಮುಂದಿಟ್ಟುಕೊಂಡು ಬರೆದ ಗುರಿ. ಈ ಇಂಜಿನ್ ಟಿ-72ಕ್ಕಲ್ಲ. ಆ ಗಿಡ್ಡ ಒಡಲು, ಆ ಗೇರುಪೆಟ್ಟಿಗೆ, ಆ ಸರಪಳಿ ಇಷ್ಟು ಬಲ ತಡೆಯುವುದಿಲ್ಲ. ಇದು ಮುಂದೆ ಬರುವ ಭಾರಿ ಟ್ಯಾಂಕುಗಳಿಗೆ. ಆದರೂ ಟಿ-72ರ ಕತೆಗೆ ಇದು ಸೇರಬೇಕು. ಇಂಜಿನ್ ಮಾಡುವ ವಿದ್ಯೆ ಪೂರ್ತಿಯಾಗಿ ಕೈಗೆ ಬಾರದ ಕಾರಣಕ್ಕೆ 2025ರಲ್ಲೂ ನಾವು ಮಾಸ್ಕೋ ಕಡೆಗೆ ಮುಖ ಮಾಡಬೇಕಾಯಿತು.

ಬಿಇಎಂಎಲ್ ಹುಟ್ಟಿದ್ದು 1964ರಲ್ಲಿ. ಅದರ ಕೋಲಾರ ಚಿನ್ನದ ಗಣಿಯ ಘಟಕದಲ್ಲಿ ಪೋಲೆಂಡಿನ ಸಹಕಾರದಿಂದ, ಟಿ-72ರದೇ ಒಡಲಿನ ಮೇಲೆ, ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ರಿಕವರಿ ವಾಹನಗಳು ತಯಾರಾದವು. 2020ರ ಜುಲೈನಲ್ಲಿ ಅದೇ ಸಂಸ್ಥೆಗೆ ಟಿ-90 ಟ್ಯಾಂಕುಗಳ ಮೂತಿಗೆ ಕಟ್ಟುವ 1,512 ನೆಲಬಾಂಬ್ ನೇಗಿಲುಗಳ ಗುತ್ತಿಗೆ ಸಿಕ್ಕಿತು. ಮೊತ್ತ ಸುಮಾರು 557 ಕೋಟಿ. ನೇಗಿಲೆಂದರೆ ನೇಗಿಲೇ. ನೆಲದಲ್ಲಿ ಹೂತ ಬಾಂಬನ್ನು ಉತ್ತು ಪಕ್ಕಕ್ಕೆ ಸರಿಸುತ್ತದೆ, ಹಿಂದೆ ಬರುವವರಿಗೆ ದಾರಿಯಾಗುತ್ತದೆ. ಒಂದಕ್ಕೆ ಸರಾಸರಿ 37 ಲಕ್ಷ ರೂಪಾಯಿ ಬೀಳುತ್ತದೆ. ಟ್ಯಾಂಕಿನ ಬೆಲೆಯ ಮುಂದೆ ಇದು ಚಿಲ್ಲರೆ, ಉಳಿಸುವ ಜೀವಗಳೋ ಹಲವು. ಒಳ್ಳೆಯ ಸುಧಾರಣೆ ಎಂದರೆ ನನ್ನ ಮಟ್ಟಿಗೆ ಇಂಥದು.

ಕಣ್ಣಿನ ವಿಷಯದಲ್ಲೂ ಹಾಗೆಯೇ. ಮೂಲ ಟಿ-72ರಲ್ಲಿ ರಾತ್ರಿ ನೋಡಲು ತೋಪಿನ ಪಕ್ಕದಲ್ಲಿ ಅತಿಗೆಂಪು ದೀಪವಿತ್ತು. ಬರಿಗಣ್ಣಿಗೆ ಕಾಣದ ಆ ಬೆಳಕು ಹೋಗಿ ಮರಳಿದ್ದನ್ನು ಗನ್ನರ್ ದರ್ಶಕದಲ್ಲಿ ನೋಡಬೇಕು. ದೂರ ಹೆಚ್ಚೆಂದರೆ ಎಂಟುನೂರು ಮೀಟರಿನ ಆಜುಬಾಜು. ಎದುರಾಳಿಯ ಬಳಿಯೂ ಅಂಥದೇ ದರ್ಶಕವಿದ್ದರೆ ಆ ದೀಪ ಹೊತ್ತಿಸುವುದೂ ಕತ್ತಲಲ್ಲಿ ಬೀಡಿ ಹಚ್ಚುವುದೂ ಒಂದೇ; ನಿಂತ ಜಾಗ ಊರಿಗೆಲ್ಲ ಗೊತ್ತಾಗುತ್ತದೆ. ಥರ್ಮಲ್ ದರ್ಶಕಕ್ಕೆ ದೀಪ ಬೇಡ. ಇಂಜಿನ್, ಮನುಷ್ಯ, ಇದೀಗ ಗುಂಡು ಹಾರಿಸಿದ ನಳಿಗೆ ಎಲ್ಲವೂ ಹೊರಸೂಸುವ ಕಾವನ್ನೇ ಅದು ಚಿತ್ರವಾಗಿಸುತ್ತದೆ. ಹೊಗೆಯಿರಲಿ, ಮಬ್ಬಿರಲಿ, ಕಾವು ಅಡಗುವುದಿಲ್ಲ. ನಮ್ಮ ಟಿ-72ಗಳಲ್ಲಿ ಕೆಲವು ನೂರಕ್ಕೆ ಇಸ್ರೇಲಿನಿಂದ ತಂದ ಥರ್ಮಲ್ ದರ್ಶಕ ಬಿತ್ತು, ಉಳಿದವು ಬಹುಕಾಲ ಕಾದವು. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬಿಇಎಲ್‌ಗೆ 957 ಟಿ-90 ಟ್ಯಾಂಕುಗಳ ಕಮಾಂಡರ್ ದರ್ಶಕ ಬದಲಿಸುವ 1,075 ಕೋಟಿಯ ಗುತ್ತಿಗೆ ದೊರೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಜೊತೆ ಸೇರಿ ವಿನ್ಯಾಸಗೊಳಿಸಿದ ಆ ಹೊಸ ಕಣ್ಣು ಎಂಟು ಕಿಲೋಮೀಟರು ದೂರದ ಗುರಿಯನ್ನೂ ಗುರುತಿಸಬಲ್ಲದು. ಟ್ಯಾಂಕೊಂದಕ್ಕೆ ಸುಮಾರು 1.12 ಕೋಟಿ. 2021ರಲ್ಲಿ 118 ಹೊಸ ಅರ್ಜುನ್ ಮಾರ್ಕ್-1ಎ ಟ್ಯಾಂಕುಗಳಿಗೆ ಕೊಟ್ಟ ಬೆಲೆ 7,523 ಕೋಟಿ, ಅಂದರೆ ಒಂದಕ್ಕೆ 64 ಕೋಟಿಯ ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣು ಬದಲಿಸುವ ಬುದ್ಧಿ ಎಷ್ಟು ಸರಿಯೆಂದು ತಿಳಿಯುತ್ತದೆ.

ಇನ್ನು ಮೈ. ಟ್ಯಾಂಕಿನ ಮುಖಕ್ಕೆ ಜೋಡಿಸಿದ ಇಟ್ಟಿಗೆಗಳನ್ನು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೀವು ಕಂಡಿರುತ್ತೀರಿ. ಎರಡು ಉಕ್ಕಿನ ತಗಡುಗಳ ನಡುವೆ ಸಿಡಿಮದ್ದು ಇಟ್ಟಿರುತ್ತಾರೆ. ಶತ್ರುವಿನ ಸಿಡಿತಲೆಯಿಂದ ಚಿಮ್ಮುವ ಲೋಹದ ಸೂಜಿಧಾರೆ ಒಳಹೊಗುವ ಹೊತ್ತಿಗೆ ಇಟ್ಟಿಗೆ ಸಿಡಿದು, ತಗಡುಗಳು ಅಡ್ಡ ಹಾರಿ, ಧಾರೆಯನ್ನು ಚದುರಿಸುತ್ತವೆ. ಮುಖಕ್ಕೂ ಮಗ್ಗುಲಿಗೂ ಇದು ಸರಿ. ನೆತ್ತಿಯ ಕವಚ ಮಾತ್ರ ಹುಟ್ಟಿನಿಂದಲೇ ತೆಳು.

ಆ ನೆತ್ತಿಯ ಮೇಲೇ ಈಗ ಡ್ರೋನ್ ಬಂದು ಕೂರುತ್ತಿದೆ. ಉಕ್ರೇನಿನಲ್ಲಿ 2022ರಿಂದ ಎರಡೂ ಕಡೆಯವರು ಟಿ-72 ವಂಶದ ಗಾಡಿಗಳನ್ನು ಬಳಸಿದ್ದಾರೆ. ರಷ್ಯಾ ಉಗ್ರಾಣದಿಂದ ಟಿ-62ಗಳನ್ನೂ, ಮರುವರ್ಷ ಟಿ-55ರ ಪೀಳಿಗೆಯವನ್ನೂ ಹೊರಗೆಳೆಯಿತು. ಅಮೆರಿಕ, ನೆದರ್ಲೆಂಡ್ಸ್ ದುಡ್ಡು ಹಾಕಿ ಚೆಕ್ ಕಾರ್ಖಾನೆಯಲ್ಲಿ 90 ಟಿ-72ಗಳನ್ನು ನವೀಕರಿಸಿ ಉಕ್ರೇನಿಗೆ ಕೊಟ್ಟವು. ಆ ರಣಭೂಮಿಯಿಂದ ಬಂದ ಚಿತ್ರಗಳಲ್ಲಿ ಗೋಪುರವೇ ಹಾರಿ ದೂರ ಬಿದ್ದ ಟ್ಯಾಂಕುಗಳನ್ನು ನಾವೆಲ್ಲ ನೋಡಿದ್ದೇವೆ. ಕಾರಣ ಆ ಗುಂಡು ತುಂಬುವ ಯಂತ್ರ. ಗೋಪುರದ ಅಡಿಯಲ್ಲಿ, ಕಮಾಂಡರ್ ಮತ್ತು ಗನ್ನರ್ ಕೂತ ಜಾಗದ ಕೆಳಗೆ, 22 ಗುಂಡುಗಳೂ ಅವುಗಳ ಮದ್ದೂ ಜಾತ್ರೆಯ ತಿರುಗುತೊಟ್ಟಿಲಿನಂತೆ ಸುತ್ತಲೂ ಇರುತ್ತವೆ. ಉಳಿದವನ್ನು ಒಡಲಿನ ಸಂದುಗೊಂದುಗಳಲ್ಲಿ ತುರುಕಿರುತ್ತಾರೆ. ಕವಚ ಭೇದಿಸಿದ ಒಂದು ಕಿಡಿ ಮದ್ದಿಗೆ ತಾಗಿದರೆ ಹೊರಬರಲು ಹೊತ್ತೇ ಸಿಗದು.

ಯಾವ ನವೀಕರಣವೂ ಇದನ್ನು ಸರಿಪಡಿಸಲಾರದು. ಗುಂಡುಗಳನ್ನು ಪ್ರತ್ಯೇಕ ಕೋಣೆಗೆ ಸರಿಸಬೇಕೆಂದರೆ ಗೋಪುರವನ್ನೇ ಹೊಸದಾಗಿ ಮಾಡಬೇಕು. ಟಿ-72ರ ಒಡಲಿನ ಮೇಲೆ ಅರ್ಜುನ್ ಗೋಪುರ ಕೂರಿಸುವ ಪ್ರಯೋಗವನ್ನು ಡಿಆರ್‌ಡಿಒ ಒಮ್ಮೆ ಮಾಡಿಯೂ ನೋಡಿತು, ಸೇನೆ ಒಪ್ಪಲಿಲ್ಲ. ರೇಷ್ಮೆ ಸೀಮೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಚರಕಕ್ಕೆ ಮೋಟಾರು ಕೂರಿಸಿದರೆ ರಟ್ಟೆನೋವು ತಪ್ಪುತ್ತದೆ, ದಿನಕ್ಕೆ ನಾಲ್ಕು ಬುಟ್ಟಿ ಗೂಡು ಹೆಚ್ಚು ಬಿಚ್ಚಬಹುದು. ನೂಲಿನ ದರ್ಜೆ ಮಾತ್ರ ಚರಕದ್ದೇ. ದರ್ಜೆಯ ನೂಲು ಬೇಕಾದಾಗ ರಾಮನಗರಕ್ಕೆ ಆಟೊಮ್ಯಾಟಿಕ್ ರೀಲಿಂಗ್ ಯಂತ್ರವನ್ನೇ ತರಬೇಕಾಯಿತು.

ಹಳೆಯ ಒಡಲಿಗೆ ಬೇರೆ ಕೆಲಸ ಕೊಡುವ ದಾರಿಯೂ ಇದೆ. ಅರಬ್ ಸೇನೆಗಳಿಂದ ವಶಪಡಿಸಿಕೊಂಡ ಟಿ-54, ಟಿ-55ಗಳ ಗೋಪುರ ತೆಗೆದುಹಾಕಿ, ಕವಚ ಹೇರಿ, ಇಸ್ರೇಲ್ ಅವನ್ನು ಕಾಲಾಳುಗಳನ್ನು ಒಯ್ಯುವ ಅಖ್ಜರಿತ್ ವಾಹನಗಳಾಗಿಸಿತು. ತೋಪಿಲ್ಲ, ಗುಂಡಿನ ರಾಶಿಯಿಲ್ಲ, ಒಳಗಿರುವವರಿಗೆ ದಪ್ಪ ಉಕ್ಕಿನ ಆಸರೆ. ಕೋಲಾರ ಚಿನ್ನದ ಗಣಿಯ ಘಟಕದಲ್ಲಿ ರಿಕವರಿ ವಾಹನ ಮಾಡಿದ ಕೈಗಳಿಗೆ ಈ ಕೆಲಸ ಕಷ್ಟವಾಗದು. ಸೇವೆಯಿಂದ ಇಳಿಯುವ ನೂರಾರು ಟಿ-72ಗಳಿಗೆ ನಾನು ಸೂಚಿಸುವ ದಾರಿ ಇದೇ.

ಬದಲಿ ಟ್ಯಾಂಕಿನ ಮಾತು ಶುರುವಾಗದೆ ಇಲ್ಲ. ಟಿ-72ಗಳ ಜಾಗಕ್ಕೆ 1,770 ಹೊಸ ಯುದ್ಧವಾಹನಗಳು ಬೇಕೆಂದು ಸೇನೆ 2021ರಲ್ಲಿ ತಯಾರಕರಿಂದ ಮಾಹಿತಿ ಕೇಳಿತು. ರಕ್ಷಣಾ ಖರೀದಿ ಮಂಡಳಿ 2024ರ ಸೆಪ್ಟೆಂಬರ್ 3ರಂದು ಆ ಯೋಜನೆಯ ಅಗತ್ಯವನ್ನು ಒಪ್ಪಿತು. ಒಪ್ಪಿಗೆಗೂ ಕಾರ್ಖಾನೆಯಿಂದ ಟ್ಯಾಂಕು ಹೊರಬೀಳುವುದಕ್ಕೂ ನಡುವೆ ನಮ್ಮ ದೇಶದಲ್ಲಿ ಎಷ್ಟು ವರ್ಷ ಹಿಡಿಯುತ್ತದೆಂದು ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. 1963ರಲ್ಲಿ ಸೇರಿದ ಮಿಗ್-21 ಯುದ್ಧವಿಮಾನ ಸೇವೆಯಿಂದ ಬಿಡುಗಡೆ ಹೊಂದಿದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. 62 ವರ್ಷ. ನಡುವೆ ‘ಬೈಸನ್’ ಎಂಬ ನವೀಕರಣವಾಯಿತು, ರೇಡಾರು ಬಂತು, ಕ್ಷಿಪಣಿ ಬಂತು. ಅದರ ಬದಲಿಗೆ ಬರಬೇಕಿದ್ದ ಬೆಂಗಳೂರಿನ ತೇಜಸ್ ವಿಮಾನ ತಡವಾದಷ್ಟೂ ಮಿಗ್‌ನ ಆಯಸ್ಸು ಎಳೆದಂತೆಲ್ಲ ಉದ್ದವಾಯಿತು. ಅದರ ಬೆಲೆ ತೆತ್ತವರಲ್ಲಿ ಎಳೆಯ ಪೈಲಟ್‌ಗಳೂ ಇದ್ದರು.

ಟಿ-72ರ ವಿಷಯದಲ್ಲಿ ಅದು ಮರುಕಳಿಸಬಾರದು. ನನ್ನ ನಿಲುವು ಇಷ್ಟು: 1,000 ಅಶ್ವಶಕ್ತಿಯ ಇಂಜಿನ್ ಹಾಕಲಿ. ಥರ್ಮಲ್ ಕಣ್ಣಿಲ್ಲದ ಒಂದು ಟ್ಯಾಂಕೂ ಗಡಿಯಲ್ಲಿ ನಿಲ್ಲದಿರಲಿ. ಡ್ರೋನ್ ತಡೆಗೆ ನೆತ್ತಿಯ ಮೇಲೆ ಏನು ಬೇಕೋ ಅದನ್ನು ಮೊದಲು ಕೊಡಲಿ. ಅದರಾಚೆಗೆ ಆ ಹಳೆಯ ಗೋಪುರದ ಮೇಲೆ ದೊಡ್ಡ ದುಡ್ಡು ಸುರಿಯುವುದು ಬೇಡ. ಅದು ಮೈಸೂರಿನ ಇಂಜಿನ್ನಿಗೂ ಮುಂದಿನ ಟ್ಯಾಂಕಿಗೂ ಹೋಗಲಿ. ಆಯಸ್ಸು ಹೆಚ್ಚಿಸುವ ಪ್ರತಿ ಒಪ್ಪಂದದ ಪಕ್ಕದಲ್ಲೇ ಈ ಟ್ಯಾಂಕು ಇಂಥ ವರ್ಷ ನಿವೃತ್ತಿಯಾಗುತ್ತದೆ ಎಂದು ಬರೆದಿಡಲಿ.

ನಮ್ಮ ಹೋಬಳಿಯ ಮೆಕ್ಯಾನಿಕ್ ಕೂಡ ಬೋರಿಂಗ್ ಮಾಡುವ ಮೊದಲು ಇನ್ನು ಐದು ವರ್ಷ ಓಡುತ್ತೆ, ಆಮೇಲೆ ನನ್ನ ಹತ್ತಿರ ತರಬೇಡಿ ಎಂದು ಹೇಳಿಯೇ ಕೆಲಸಕ್ಕೆ ಕೈಹಾಕುತ್ತಾನೆ. ರಕ್ಷಣೆಯ ಹಣ ಮಂಜೂರಾಗುವುದು ಸಂಸತ್ತಿನಲ್ಲಿ. ನಮ್ಮ ಸಂಸದರು ಮುಂದಿನ ಬಾರಿ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಿ: ಟಿ-72ರ ನಿವೃತ್ತಿ ಯಾವ ವರ್ಷ?